ಯುದ್ಧದ ನಾಯಕನಿಗೆ ಅರ್ಜುನನ ಹೆಸರು ಅಂಟುವುದು ಹೇಗೆ?

ಗಡಿಯಲ್ಲಿ ಗುಂಡಿನ ಸದ್ದು ಶುರುವಾದರೆ ಸಾಕು, ನಮ್ಮ ಫೋನುಗಳಲ್ಲಿ ಮಹಾಭಾರತವೂ ಶುರುವಾಗುತ್ತದೆ. ಒಬ್ಬ ನಾಯಕನ ಕೈಗೆ ಗಾಂಡೀವ ಬರುತ್ತದೆ. ಇನ್ನೊಬ್ಬನ ಹೆಗಲಿಗೆ ಗದೆ ಏರುತ್ತದೆ. ಸೇನೆಯ ಅಧಿಕಾರಿಯೊಬ್ಬರು ಟಿವಿಯಲ್ಲಿ ನಾಲ್ಕು ಮಾತಾಡಿದರೆ ಕೆಳಗೆ "ಕಲಿಯುಗದ ಭೀಮ" ಅಂತ ಕಾಮೆಂಟು ಬೀಳುತ್ತದೆ. ಇದು ಬರೀ ಅಭಿಮಾನವಾ? ಇಲ್ಲ, ಪುರಾಣದ ವೀರರಿಗೂ ನಿಜವಾದ ಯುದ್ಧಗಳ ನಾಯಕರಿಗೂ ಏನೋ ಹೋಲಿಕೆ ಇದೆಯಾ?

ಮೊದಲು ಯಾರು ಯಾರು ಅಂತ ಬೇರೆ ಮಾಡಿಕೊಳ್ಳೋಣ. ಪುರಾಣದ ವೀರ ಬದುಕಿರುವುದು ಕಥೆ, ಕಾವ್ಯ, ಯಕ್ಷಗಾನಗಳಲ್ಲಿ. ಅವನು ಯಾವ ವರ್ಷ ಹುಟ್ಟಿದ, ಎಲ್ಲಿ ಸತ್ತ ಅನ್ನುವುದಕ್ಕೆ ದಾಖಲೆ ಕೇಳುವಂತಿಲ್ಲ. ಯುದ್ಧಕಾಲದ ನಾಯಕ ಶಾಸನದಲ್ಲೋ ಸರ್ಕಾರಿ ಕಡತದಲ್ಲೋ ಗುರುತು ಬಿಟ್ಟಿರುತ್ತಾನೆ. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸುವ ಚಾಳಿ ವಾಟ್ಸಾಪ್ ಬಂದ ಮೇಲೆ ಹುಟ್ಟಿದ್ದಲ್ಲ. ಕನ್ನಡದಲ್ಲಿ ಅದಕ್ಕೆ ಸುಮಾರು 1,300 ವರ್ಷ ವಯಸ್ಸು. ನಮ್ಮ ಕವಿಗಳು ಅದನ್ನು ಕದ್ದುಮುಚ್ಚಿಯೂ ಮಾಡಲಿಲ್ಲ. ಹಾಗಾಗಿ ಗುಣಗಳು ಯಾರಿಂದ ಯಾರಿಗೆ ಹೋದವು ಅಂತ ನೋಡುವುದಕ್ಕೆ ದೂರ ಹೋಗಬೇಕಾಗಿಲ್ಲ.

ಬಾದಾಮಿಯ ಬಂಡೆಯಲ್ಲಿ ಒಬ್ಬ ಮಾಧವ

ಬಾದಾಮಿಯ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಕಾಲ ಸುಮಾರು ಕ್ರಿ.ಶ. 700. ಕನ್ನಡದ ತ್ರಿಪದಿ ನಮಗೆ ಮೊದಲು ಸಿಗುವುದು ಇದರಲ್ಲೇ. "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಅನ್ನುವ ಸಾಲು ಶಾಲೆಯಲ್ಲಿ ಓದಿದ ನೆನಪು ಬಹಳ ಜನಕ್ಕೆ ಇರುತ್ತದೆ. ಒಳ್ಳೆಯವರಿಗೆ ಇವನು ಒಳ್ಳೆಯವನು, ಸಿಹಿಯಾಗಿ ಇದ್ದವರಿಗೆ ಸಿಹಿ. ಪೀಡಿಸಲು ಬಂದವರಿಗೆ ಮಾತ್ರ ಕಲಿಯುಗವೇ ಕಾಣದಂಥ ವಿಪರೀತದವನು. ಕೊನೆಗೆ ಒಂದು ದೊಡ್ಡ ಜಿಗಿತ: ಇವನು ಮಾಧವನೇ, ಬೇರೆ ಯಾರೂ ಅಲ್ಲ.

ಅದೇ ಶಾಸನದ ಇನ್ನೊಂದು ತ್ರಿಪದಿ ಕಟ್ಟಿ ಹಾಕಿದ ಸಿಂಹದ ಮಾತು ಹೇಳುತ್ತದೆ. "ನಮಗೇನು ಕೆಡುತ್ತದೆ" ಅಂತ ಅದನ್ನು ಬಿಟ್ಟವರ ಗತಿ ಏನಾಗುತ್ತದೋ, ಇವನ ಶತ್ರುಗಳ ಗತಿಯೂ ಅದೇ. ನಡುವೆ ಒಂದು ಸಂಸ್ಕೃತ ಶ್ಲೋಕವೂ ಇದೆ. ಸಾವಿನ ನೋವು ಒಂದು ಗಳಿಗೆಯದು, ಮಾನ ಹೋದರೆ ದಿನದಿನವೂ ನೋವು ಅನ್ನುತ್ತದೆ.

ಈ ಅರಭಟ್ಟ ಯಾವ ಯುದ್ಧ ಗೆದ್ದ, ಯಾರ ದಂಡಿನಲ್ಲಿದ್ದ ಅನ್ನುವುದನ್ನು ಬಂಡೆ ಹೇಳುವುದಿಲ್ಲ. ಅವನ ಬಗ್ಗೆ ಉಳಿದಿರುವುದು ಗುಣಗಳು ಮಾತ್ರ. ಎದುರಿಗಿದ್ದವರನ್ನು ನೋಡಿ ಅಳತೆ ಮಾಡಿ ನಡೆದುಕೊಳ್ಳುವುದು, ಕೆಣಕಿದರೆ ಬಿಡದಿರುವುದು, ಮಾನಕ್ಕಾಗಿ ಪ್ರಾಣ ಪಣಕ್ಕಿಡುವುದು. ಇಷ್ಟೇ. ಹೆಸರನ್ನು ಅಳಿಸಿ ಕೃಷ್ಣ ಅಂತ ಬರೆದರೂ ನಡೆಯುತ್ತದೆ, ಅಲ್ವಾ?

ಪಂಪ ಹಾಕಿದ ಲೆಕ್ಕ

ಮುಂದೆ ಇದನ್ನು ಒಂದು ಇಡೀ ಕಾವ್ಯದ ಅಳತೆಗೆ ಬೆಳೆಸಿದವನು ಪಂಪ. 941ರಲ್ಲಿ ಅವನು ಮುಗಿಸಿದ 'ವಿಕ್ರಮಾರ್ಜುನ ವಿಜಯ'ದಲ್ಲಿ ಅರ್ಜುನ ಅರ್ಜುನನೂ ಹೌದು, ಎರಡನೇ ಅರಿಕೇಸರಿಯೂ ಹೌದು. ಅರಿಕೇಸರಿ ವೇಮುಲವಾಡದ ಚಾಲುಕ್ಯ ದೊರೆ, ರಾಷ್ಟ್ರಕೂಟ ಚಕ್ರವರ್ತಿಗಳ ಸಾಮಂತ. ಸಾಮಂತ ಅಂದರೆ ದೊಡ್ಡ ದೊರೆಯ ಕೆಳಗೆ ಒಂದು ಸೀಮೆಯನ್ನು ಆಳುತ್ತಾ, ಕರೆ ಬಂದಾಗ ದಂಡು ಕಟ್ಟಿಕೊಂಡು ಹೋಗುವವನು. ಅವನ ಬಿರುದು ಗುಣಾರ್ಣವ. ಕಾವ್ಯದಲ್ಲಿ ಅರ್ಜುನನನ್ನು ಆ ಬಿರುದಿನಿಂದಲೇ ಕರೆಯುತ್ತಾನೆ ಪಂಪ. ಪಂಪ ಸ್ವತಃ ಯುದ್ಧ ಮಾಡಿದವನು. ಆದ್ದರಿಂದ ರಣರಂಗದ ವರ್ಣನೆ ಅವನಿಗೆ ಬರೀ ಕೇಳಿದ ಮಾತಲ್ಲ.

ಕಾವ್ಯದ ಕೊನೆಯ ಹತ್ತಿರ ಒಂದು ಪದ್ಯ ಬರುತ್ತದೆ. ನಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಬೇರೆ ಕಡೆ ಕಂಡಿಲ್ಲ. ವೀರನಿಗೆ ಬೇಕಾದ ಗುಣಗಳನ್ನು ಹೆಸರು ಹಿಡಿದು, ಯಾವುದಕ್ಕೆ ಯಾರು ಮಾದರಿ ಅಂತ ಪಂಪ ಅಲ್ಲಿ ಹೇಳುತ್ತಾನೆ. ಹಿಡಿದದ್ದನ್ನು ಬಿಡದ ಛಲಕ್ಕೆ ದುರ್ಯೋಧನ. ಸತ್ಯಕ್ಕೆ, ಅಂದರೆ ಕೊಟ್ಟ ಮಾತಿಗೆ, ಕರ್ಣ. ಗಂಡುತನಕ್ಕೆ ಭೀಮ. ಬಲಕ್ಕೆ ಮದ್ರದ ದೊರೆ ಶಲ್ಯ. ದೊಡ್ಡತನಕ್ಕೆ ಭೀಷ್ಮ. ಬಿಲ್ಲುವಿದ್ಯೆಗೆ ದ್ರೋಣ. ಸಾಹಸಕ್ಕೆ ಅರ್ಜುನ. ಧರ್ಮಕ್ಕೆ ಧರ್ಮರಾಯ.

ಈಗ ಸ್ವಲ್ಪ ನಿಂತು ಎಣಿಸಿ. ಎಂಟು ಜನರಲ್ಲಿ ಐವರು ಕೌರವರ ಪಾಳೆಯದವರು. ಪಾಂಡವರು ಮೂರೇ ಜನ. ಅರ್ಜುನನ ಹೆಸರಿನಲ್ಲಿ ತನ್ನ ದೊರೆಯನ್ನು ಹೊಗಳಲು ಹೊರಟ ಕವಿ ಸೋತ ಕಡೆಗೆ ಜಾಸ್ತಿ ಪಾಲು ಕೊಟ್ಟಿದ್ದಾನೆ. ಪದ್ಯದ ಮೊದಲ ಹೆಸರೇ ದುರ್ಯೋಧನನದು. ಗೆದ್ದವನಿಗೆ ಗುಣ, ಸೋತವನಿಗೆ ದೋಷ ಅಂತ ಹಂಚಿ ಮುಗಿಸಿಲ್ಲ. ಒಬ್ಬನಲ್ಲಿ ಎಂಟೂ ಇರುತ್ತವೆ ಅಂತಲೂ ಹೇಳಿಲ್ಲ. ನಮ್ಮ ಫೋನಿಗೆ ಬರುವ ಪೋಸ್ಟರುಗಳು ಎಡವುವುದು ಇಲ್ಲೇ. ಅವು ಎಂಟನ್ನೂ ಒಂದೇ ಮುಖಕ್ಕೆ ಅಂಟಿಸುತ್ತವೆ.

ಅಚ್ಚಿಗೆ ಸುರಿದ ಮೇಲೆ ಏನಾಗುತ್ತದೆ

ಆಲೆಮನೆಯಲ್ಲಿ ಬಿಸಿ ಬೆಲ್ಲವನ್ನು ಅಚ್ಚಿಗೆ ಸುರಿಯುವುದನ್ನು ನೋಡಿದವರಿಗೆ ಗೊತ್ತು. ಯಾವ ಗದ್ದೆಯ ಕಬ್ಬಾದರೂ ಹೊರಗೆ ಬರುವ ಆಕಾರ ಒಂದೇ. ಬಣ್ಣ, ರುಚಿ ಮಾತ್ರ ಆಯಾ ಗದ್ದೆಯದು. ಪುರಾಣದ ವೀರ ಇಂಥ ಒಂದು ಅಚ್ಚು. ನಿಜವಾದ ನಾಯಕನ ಕಥೆಯನ್ನು ಅದರಲ್ಲಿ ಸುರಿದಾಗ ಹೊಂದುವ ಭಾಗ ಎದ್ದು ಕಾಣುತ್ತದೆ. ಹೊಂದದ್ದು ಅಂಚಿನಲ್ಲಿ ಉಳಿಯುತ್ತದೆ, ಇಲ್ಲವೇ ಅಚ್ಚನ್ನೇ ಸ್ವಲ್ಪ ಕೊರೆಯಬೇಕಾಗುತ್ತದೆ.

ಅರಿಕೇಸರಿಯ ವಿಷಯದಲ್ಲಿ ಎರಡೂ ನಡೆದಿವೆ. ರಾಷ್ಟ್ರಕೂಟ ಚಕ್ರವರ್ತಿ ನಾಲ್ಕನೇ ಗೋವಿಂದನ ಕೋಪಕ್ಕೆ ಸಿಕ್ಕಿದ ವಿಜಯಾದಿತ್ಯ ಅನ್ನುವವನು ಅರಿಕೇಸರಿಯ ಮರೆಹೊಕ್ಕ. ಸಾಮಂತನಾಗಿದ್ದರೂ ಅರಿಕೇಸರಿ ತನ್ನ ಚಕ್ರವರ್ತಿಗೆ ಅವನನ್ನು ಒಪ್ಪಿಸಲಿಲ್ಲ. ಮುಂದೆ ಗೋವಿಂದನನ್ನು ಇಳಿಸಿ ಬದ್ದೆಗನಿಗೆ, ಅಂದರೆ ಮೂರನೇ ಅಮೋಘವರ್ಷನಿಗೆ, ಪಟ್ಟ ಕೊಡಿಸುವುದರಲ್ಲೂ ಅವನ ಕೈ ಇತ್ತು. ಇದನ್ನು ಓದುವಾಗ ನನಗೆ 'ಕೃಷ್ಣಾರ್ಜುನ ಕಾಳಗ'ದ ಪ್ರಸಂಗ ನೆನಪಾಗುತ್ತದೆ. ಯಕ್ಷಗಾನ ನೋಡುವವರಿಗೆಲ್ಲ ಗೊತ್ತಿರುವ ಕಥೆ ಅದು. ಶರಣು ಬಂದ ಗಯನಿಗೆ ಅಭಯ ಕೊಟ್ಟ ತಪ್ಪಿಗೆ ಅರ್ಜುನ ಕೃಷ್ಣನ ಎದುರೇ ಬಿಲ್ಲು ಎತ್ತಬೇಕಾಗುತ್ತದೆ. ಪಂಪ ಈ ಹೋಲಿಕೆ ಮಾಡಿಲ್ಲ, ಮಾಡುತ್ತಿರುವುದು ನಾನು. ಆದರೆ ಗುಣ ಒಂದೇ: ಮೇಲಿನವನ ಸಿಟ್ಟಿಗಿಂತ ಕೊಟ್ಟ ಮಾತು ದೊಡ್ಡದು ಅನ್ನುವುದು.

ಅಚ್ಚನ್ನು ಕೊರೆದ ಜಾಗವೂ ಇದೆ. ಐದು ಜನರ ಹೆಂಡತಿಯಾದ ದ್ರೌಪದಿಯನ್ನು ಅರಿಕೇಸರಿಯ ಪಕ್ಕದಲ್ಲಿ ನಿಲ್ಲಿಸುವುದು ಕಷ್ಟವಾಗಿರಬೇಕು. ಪಂಪನಲ್ಲಿ ಆಕೆ ಅರ್ಜುನನೊಬ್ಬನ ಹೆಂಡತಿ. ಯುದ್ಧ ಮುಗಿದ ಮೇಲೆ ಪಟ್ಟ ಕಟ್ಟುವುದು ಧರ್ಮರಾಯನಿಗಲ್ಲ, ಅರ್ಜುನನಿಗೆ. ಪಕ್ಕದಲ್ಲಿ ಪಟ್ಟದ ರಾಣಿಯಾಗಿ ಕೂರುವವಳು ಸುಭದ್ರೆ. ಹದಿಮೂರು ವರ್ಷ ಕಾಡಿನಲ್ಲಿ, ವಿರಾಟನ ಮನೆಯಲ್ಲಿ ಸಂಕಟಪಟ್ಟವಳು ಪಟ್ಟದ ಹೊತ್ತಿಗೆ ಹಿಂದೆ ಸರಿದಳು. ನಿಜವಾದ ನಾಯಕನಿಗಾಗಿ ಪುರಾಣವೂ ಬೆಲೆ ತೆರುತ್ತದೆ ಅನ್ನುವುದು ನಮಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಈ ಆಟ ಕನ್ನಡದ್ದು ಮಾತ್ರ ಅಲ್ಲ. ಗ್ರೀಕರ ಅಲೆಕ್ಸಾಂಡರ್ ತಾನು ಅಕಿಲೀಸನ ವಂಶದವನು ಅಂತಲೇ ಹೇಳಿಕೊಳ್ಳುತ್ತಿದ್ದ. ಅಲ್ಲಿ ಕವಿಗಾಗಿ ಕಾಯಲಿಲ್ಲ, ನಾಯಕನೇ ಹೋಗಿ ಅಚ್ಚಿನೊಳಗೆ ಕೂತ.

ಭೀಮನನ್ನು ಹೊಗಳಲು ಹೋಗಿ ದುರ್ಯೋಧನ ಗೆದ್ದ

ಪಂಪ ಆದ ಮೇಲೆ ಬಂದ ರನ್ನ ಮುಧೋಳದವನು, ಬಳೆಗಾರರ ಮನೆಯ ಹುಡುಗ. 'ಗದಾಯುದ್ಧ'ದಲ್ಲಿ ಅವನು ಕಲ್ಯಾಣದ ಚಾಲುಕ್ಯ ದೊರೆ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೊಂದಿಸಿದ. ಸತ್ಯಾಶ್ರಯ 997ರಿಂದ 1008ರವರೆಗೆ ಆಳಿದವನು. ಅವನ ಕಾಲದ ದೊಡ್ಡ ಯುದ್ಧ ಚೋಳರ ಜೊತೆ. ಹಾವೇರಿ ಸೀಮೆಯ ಹೊಟ್ಟೂರಿನ ಶಾಸನದ ಪ್ರಕಾರ ಚೋಳರು ಒಂಬತ್ತು ಲಕ್ಷ ಜನರ ಸೇನೆ ತಂದು ನಾಡನ್ನು ಸೂರೆ ಮಾಡಿದರು, ಸತ್ಯಾಶ್ರಯ ಅವರನ್ನು ಓಡಿಸಿದ. ಒಂಬತ್ತು ಲಕ್ಷ ಜನಕ್ಕೆ ದಿನಾ ಅನ್ನ, ನೀರು, ಕುದುರೆಗೆ ಹುಲ್ಲು ಹೊಂದಿಸುವುದು ಆ ಕಾಲದಲ್ಲಿ ಆಗುವ ಮಾತಾ? ಇದು ಹದಿನೆಂಟು ಅಕ್ಷೋಹಿಣಿಯ ಜಾತಿಯ ಲೆಕ್ಕ. ಕಲ್ಲಿನ ಮೇಲಿನ ಅಂಕಿಗೂ ಪುರಾಣದ ಗಾಳಿ ಸೋಕಿದೆ.

ಕಾವ್ಯದಲ್ಲಿ ಆದದ್ದು ಇನ್ನೂ ಸ್ವಾರಸ್ಯ. ಭೀಮನಿಗಾಗಿ ಬರೆದ ಕಾವ್ಯದಲ್ಲಿ ಓದುಗರ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನ. ಅವನು ಸಂಜಯನ ಜೊತೆ ಹೆಣಗಳ ನಡುವೆ ನಡೆದು ಹೋಗುತ್ತಾನೆ. ಸತ್ತ ತಮ್ಮನನ್ನು, ಮಗನನ್ನು, ಕರ್ಣನನ್ನು ಕಂಡು ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಕೈ ಮುಗಿದು, ನಿನ್ನ ಸಾಹಸದ ಒಂದು ಚೂರಾದರೂ ಇರುವಂಥ ಸಾವು ನನಗೂ ಬರಲಿ ಅಂತ ಬೇಡುತ್ತಾನೆ. ಕೊಳದಲ್ಲಿ ಅಡಗಿದಾಗ ಭೀಮನ ಕೂಗು ಕೇಳಿ ನೀರಿನೊಳಗೇ ಬೆವರುತ್ತಾನೆ.

ಅಂದರೆ ವೀರನಿಗೆ ಬೇಕಾದ ಒಂದು ಗುಣ ಬಿರುದುಗಳ ಸಾಲಿನಲ್ಲಿ ಸಿಗುವುದಿಲ್ಲ. ತನ್ನಿಂದ ಸತ್ತವರ ಲೆಕ್ಕ ತಾನೇ ಹೊರುವುದು ಅದು. ಕುರುಕ್ಷೇತ್ರದ ಶುರುವಿನಲ್ಲಿ ಅರ್ಜುನ ಬಿಲ್ಲು ಕೆಳಗಿಟ್ಟು ಕೂತದ್ದೂ ಇದೇ ಭಾರಕ್ಕೆ. ಎದೆ ನಡುಗದವನನ್ನು ನಮ್ಮ ಕವಿಗಳು ಅಷ್ಟಾಗಿ ಮೆಚ್ಚಿದಂತೆ ಕಾಣುವುದಿಲ್ಲ. ನಡುಗಿದ ಮೇಲೂ ಎದ್ದು ನಿಂತವನೇ ಅವರಿಗೆ ಬೇಕು.

ದೊರೆಯಲ್ಲದವರ ಕಲ್ಲುಗಳು

ಇಷ್ಟು ಹೊತ್ತು ದೊರೆಗಳ ಮಾತಾಯಿತು. ಊರಾಚೆ, ಕೆರೆ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ನಿಂತಿರುವ ವೀರಗಲ್ಲುಗಳು ಬೇರೆಯವರ ಕಥೆ ಹೇಳುತ್ತವೆ. ಹೆಚ್ಚಿನ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಯಲ್ಲಿ ಕಾದಾಟ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಲಿಂಗದ ಮುಂದೆ ಅವನು ಕೂತಿರುತ್ತಾನೆ. ಮನುಷ್ಯ ದೇವರ ಹತ್ತಿರ ಹೋಗುವ ದಾರಿ ಮೂರೇ ಮೆಟ್ಟಿಲಲ್ಲಿ ಮುಗಿಯಿತು. ಅನೇಕ ಕಲ್ಲುಗಳಲ್ಲಿ ಒಂದೇ ಶ್ಲೋಕ ಮತ್ತೆ ಮತ್ತೆ ಬರುತ್ತದೆ. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ಮೈಗೆ ರಣದ ಸಾವಿನ ಚಿಂತೆ ಯಾಕೆ ಅನ್ನುವುದು ಅದರ ಅರ್ಥ. ದಂಡಿಗೆ ಜನ ಸೇರಿಸಲು ಇದಕ್ಕಿಂತ ಒಳ್ಳೆಯ ಮಾತು ಸಿಗುತ್ತಿತ್ತಾ?

ಆದರೆ ಈ ಕಲ್ಲುಗಳಲ್ಲಿ ಎಷ್ಟೋ ಮಂದಿ ಸತ್ತಿರುವುದು ರಾಜ್ಯ ಗೆಲ್ಲುವುದಕ್ಕಲ್ಲ. ತುರುಗೋಳ್, ಅಂದರೆ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರ ಜೊತೆಗಿನ ಜಗಳದಲ್ಲಿ. ಊರಿನ ಮೇಲೆ ಬಿದ್ದವರನ್ನು ತಡೆಯುವಾಗ. ಹೆಂಗಸರನ್ನು ಕಾಪಾಡುವಾಗ. ವಿರಾಟನ ಗೋವುಗಳನ್ನು ಬಿಡಿಸಲು ಹೋದ ಅರ್ಜುನನಿಗೂ ಹಳ್ಳಿಯ ಆ ಮನುಷ್ಯನಿಗೂ ಕೆಲಸ ಒಂದೇ ಆಗಿತ್ತು.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ಕಥೆ ಇನ್ನೂ ಬೇರೆ. ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ದೊಡ್ಡ ಯುದ್ಧ ನಡೆಯಿತು. ಕೃಷ್ಣನ ಕಡೆಯ ಗಂಗ ದೊರೆ ಬೂತುಗ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರ ಮಣಲೇರನೂ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ "ಏನು ಬೇಕು ಕೇಳು" ಅಂದಾಗ ಮಣಲೇರ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಕಲ್ಲಿನಲ್ಲಿ ಕೆತ್ತಿರುವುದು ಆ ನಾಯಿ ಮತ್ತು ಹಂದಿಯ ಹೋರಾಟ. ಎರಡು ಸಾಮ್ರಾಜ್ಯಗಳ ಯುದ್ಧ ಅಕ್ಷರದಲ್ಲಿ ಮಾತ್ರ ಇದೆ.

ಕೊಡಗಿನ ಇಬ್ಬರು

ಇಪ್ಪತ್ತನೇ ಶತಮಾನಕ್ಕೆ ಬರೋಣ. 1948ರ ಕೊನೆಯಲ್ಲಿ, ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದಲ್ಲಿ, ಲೇಹ್‌ಗೆ ಹೋಗುವ ದಾರಿಯಲ್ಲಿ ಜೋಜಿ ಲಾ ಕಣಿವೆದಾರಿ ಎದುರಾಳಿಗಳ ಕೈಯಲ್ಲಿತ್ತು. ಎತ್ತರ ಸುಮಾರು 11,500 ಅಡಿ. ಕಾಲಾಳುಗಳ ಪ್ರಯತ್ನ ಸೆಪ್ಟೆಂಬರಿನಲ್ಲಿ ಫಲಿಸಿರಲಿಲ್ಲ. ಆಗ ಮಡಿಕೇರಿಯ ಮೇಜರ್ ಜನರಲ್ ತಿಮ್ಮಯ್ಯನವರು ಸ್ಟುವರ್ಟ್ ಟ್ಯಾಂಕುಗಳನ್ನು ಅಲ್ಲಿಗೆ ಏರಿಸಿದರು. ನವೆಂಬರ್ 1ರಂದು ದಾಳಿ ನಡೆದು ಕಣಿವೆದಾರಿ ಕೈಗೆ ಬಂತು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು ಅನ್ನುವುದು ಸೇನೆಯಲ್ಲಿ ಇಂದಿಗೂ ಹೇಳುವ ಮಾತು.

ಪಂಪನ ಅಳತೆಯಲ್ಲಿ ಇದು ಸಾಹಸ. ತಾನು ಮುಂದೆ ನಿಂತು "ಬನ್ನಿ" ಅನ್ನುವುದು. ಆದರೆ ಟ್ಯಾಂಕು ತಾನಾಗಿ ಗುಡ್ಡ ಹತ್ತುವುದಿಲ್ಲ. ಸುದ್ದಿ ಹೊರಬೀಳದಂತೆ ಅವುಗಳ ಮೇಲಿನ ಗುಂಡುಗೋಪುರ ಕಳಚಿ, ಮುಚ್ಚಿಕೊಂಡು ಸಾಗಿಸಬೇಕಾಯಿತು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಯ ದಾರಿ. ಅದನ್ನು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ಕೇಂದ್ರ ಇರುವ ಅದೇ ಪಡೆ. ಅರ್ಜುನನ ಅಚ್ಚಿನಲ್ಲಿ ಗುದ್ದಲಿ ಹಿಡಿದವರಿಗೆ ಜಾಗ ಇಲ್ಲ. ತಿಮ್ಮಯ್ಯನವರ ಹೆಸರು ಬಲ್ಲವರಲ್ಲಿ ಎಷ್ಟು ಜನ ಆ ದಾರಿ ಕಡಿದವರ ಬಗ್ಗೆ ಕೇಳಿದ್ದಾರೆ?

ಇನ್ನೊಬ್ಬರು ಕಾರ್ಯಪ್ಪನವರು. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು. 1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಯಾದರು. ಆಗ ಅಲ್ಲಿನ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಹಳೆಯ ಪರಿಚಯದ ಮೇಲೆ ಬಿಡುಗಡೆಯ ಮಾತಾಡಿದರು, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ ಅಂತ ಕಾರ್ಯಪ್ಪನವರು ಒಪ್ಪಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮಗ ಮರಳಿದ್ದು ಉಳಿದ ಕೈದಿಗಳ ಜೊತೆಗೇ.

ಇದಕ್ಕೆ ಪುರಾಣದಲ್ಲಿ ಸರಿಸಾಟಿ ಹುಡುಕಿದರೆ ಸಿಗುವುದು ಉಲ್ಟಾ ಉದಾಹರಣೆಗಳು. ಅಶ್ವತ್ಥಾಮ ಸತ್ತ ಅನ್ನುವ ಸುಳ್ಳು ಸುದ್ದಿಗೆ ದ್ರೋಣ ಶಸ್ತ್ರ ಬಿಟ್ಟು ಕೂತ. ಧೃತರಾಷ್ಟ್ರನ ಕಥೆಯನ್ನಂತೂ ಹೇಳಬೇಕಾಗಿಲ್ಲ. ಬಿಲ್ಲುವಿದ್ಯೆಗೆ ಮಾದರಿಯಾದವನು ಸೋತ ಪರೀಕ್ಷೆ ಇದು. ವೀರರ ಕಥೆಗಳು ಗುಣ ಹೇಳಿಕೊಡುವುದಷ್ಟೇ ಅಲ್ಲ, ಜಾರುವ ಜಾಗವನ್ನೂ ತೋರಿಸುತ್ತವೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ನಂದಗಡದ ಆಲದ ಮರ

ಕೆಲವು ಸಲ ನಡಿಗೆ ತಿರುಗುಮುರುಗಾಗುತ್ತದೆ. ಪುರಾಣ ನಾಯಕನ ಮೇಲೆ ಇಳಿಯುವ ಬದಲು ನಾಯಕನೇ ಪುರಾಣದ ಕಡೆ ನಡೆಯುತ್ತಾನೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ. ಮತ್ತೆ ದೊಡ್ಡ ಸೇನೆ ಬಂದು ಕೋಟೆ ಬಿತ್ತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡರು. ಸಂಗೊಳ್ಳಿ ರಾಯಣ್ಣ ಹೋರಾಟ ಮುಂದುವರಿಸಿ, ಮೋಸದಿಂದ ಸಿಕ್ಕಿಬಿದ್ದು, 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದ.

ಕಡತದಲ್ಲಿ ಅವನು ಬಂಡಾಯಗಾರ. ಲಾವಣಿಯಲ್ಲಿ ಬೇರೆಯೇ ಮನುಷ್ಯ. ಅವನನ್ನು ಹೂಳಿದ ಜಾಗದ ಆಲದ ಮರಕ್ಕೆ ಮಕ್ಕಳಾಗಲಿ ಅಂತ ಹೆಂಗಸರು ತೊಟ್ಟಿಲು ಕಟ್ಟುತ್ತಾರೆ. ಇನ್ನೂರು ವರ್ಷ ಕೂಡ ಆಗಿಲ್ಲ. ರಾಯಣ್ಣನಿಗೆ ಪಂಪನಂಥ ಆಸ್ಥಾನಕವಿ ಇರಲಿಲ್ಲ. ಒಡತಿ ಹೋದ ಮೇಲೂ ಅವಳ ಪರವಾಗಿ ನಿಂತ, ತನ್ನವರಿಂದಲೇ ಸಿಕ್ಕಿಬಿದ್ದ. ನಿಷ್ಠೆ ಮತ್ತು ದ್ರೋಹ ಅನ್ನುವ ಈ ಜೋಡಿ ಕರ್ಣನ ಕಥೆ ಗೊತ್ತಿರುವ ಜನರ ಕಿವಿಗೆ ಹೊಸದಲ್ಲ. ಹಾಡು ಕಟ್ಟುವವರಿಗೆ ದಾರಿ ಆಗಲೇ ಇತ್ತು.

ಎದುರು ಪಾಳೆಯದ ಕಲ್ಲು

ಹಾಗಾದರೆ ಒಬ್ಬ ನಾಯಕನ ಕಥೆಯಲ್ಲಿ ದಾಖಲೆ ಎಷ್ಟು, ಅಚ್ಚು ಎಷ್ಟು ಅಂತ ಹೇಗೆ ತಿಳಿಯುವುದು? ಇತಿಹಾಸಕಾರರು ಮಾಡುವ ಒಂದು ಕೆಲಸ ಸರಳ. ಎದುರು ಪಾಳೆಯ ಏನು ಬರೆದಿದೆ ಅಂತ ನೋಡುತ್ತಾರೆ. ಎರಡೂ ಕಡೆ ಒಪ್ಪುವ ಸಂಗತಿಗೆ ತೂಕ ಜಾಸ್ತಿ. ಒಂದೇ ಕಡೆ ಸಿಗುವ ಹೊಗಳಿಕೆಗೆ ತೂಕ ಕಡಿಮೆ.

ಹೊಟ್ಟೂರಿನ ಶಾಸನದಲ್ಲಿ ಸತ್ಯಾಶ್ರಯ ಚೋಳರನ್ನು ಓಡಿಸಿದವನು. ತಂಜಾವೂರಿನ ದೊಡ್ಡ ಗುಡಿಯ ಶಾಸನದಲ್ಲಿ ಕಥೆ ತಿರುಗಿದೆ. ರಾಜರಾಜ ಚೋಳ ಸತ್ಯಾಶ್ರಯನನ್ನು ಗೆದ್ದು ಬಂದು ದೇವರ ಪಾದಕ್ಕೆ ಚಿನ್ನದ ಹೂ ಸುರಿದ ಅಂತ ಅಲ್ಲಿ ಕೆತ್ತಿದೆ. ಯುದ್ಧ ಆದದ್ದು ಖಂಡಿತ. ಭೀಮ ಯಾರು ಅನ್ನುವುದು ನೀವು ಯಾವ ಕಲ್ಲಿನ ಮುಂದೆ ನಿಂತಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ.

ತಕ್ಕೋಲದ ವಿಷಯದಲ್ಲಿ ಮಾತ್ರ ಎರಡೂ ಕಡೆ ಒಂದೇ ಮಾತು ಹೇಳುತ್ತವೆ: ರಾಜಾದಿತ್ಯ ಸತ್ತ. ಆತಕೂರಿನ ಕಲ್ಲಿಗೆ ಅವನು ಬೂತುಗನ ಗೆಲುವಿನ ಗುರುತು. ಚೋಳರ ಶಾಸನಗಳು ಅದೇ ಸಾವನ್ನು ಅವನ ಬಿರುದು ಮಾಡಿಕೊಂಡಿವೆ. ಅವುಗಳಲ್ಲಿ ರಾಜಾದಿತ್ಯ "ಆನೆಯ ಮೇಲೆ ಮಡಿದ ದೇವರು".